ಗಿಗಾಹರ್ಟ್ಸ್ ಓಟ ನಿಂತದ್ದೇಕೆ?

ಇಪ್ಪತ್ತೈದು ವರ್ಷಗಳ ಹಿಂದೆ ನೀವು ಕಂಪ್ಯೂಟರ್ ಕೊಳ್ಳಲು ಹೋಗಿದ್ದರೆ ಒಂದು ಸಂಗತಿ ನೆನಪಿರಬಹುದು. ಅಂಗಡಿಯವರು ಮೊದಲು ಹೇಳುತ್ತಿದ್ದುದು ಪ್ರೊಸೆಸರಿನ ವೇಗವನ್ನು. ಈ ವರ್ಷದ್ದು ಒಂದು ಗಿಗಾಹರ್ಟ್ಸ್ ಆದರೆ ಮುಂದಿನ ವರ್ಷದ್ದು ಒಂದೂವರೆ, ಅದರ ಮುಂದಿನ ವರ್ಷದ್ದು ಎರಡು. ಆರು ತಿಂಗಳು ಕಾದರೆ ಅದೇ ಬೆಲೆಗೆ ಇನ್ನೂ ವೇಗದ ಯಂತ್ರ ಸಿಗುತ್ತದೆಂದು ಕೊಳ್ಳುವುದನ್ನೇ ಮುಂದೂಡಿದವರೂ ಉಂಟು.

ಹರ್ಟ್ಸ್ ಎಂದರೆ ಸೆಕೆಂಡಿಗೆ ಒಂದು ಮಿಡಿತ. ಚಿಪ್‌ನೊಳಗಿನ ಗಡಿಯಾರ ಸೆಕೆಂಡಿಗೆ ನೂರು ಕೋಟಿ ಬಾರಿ ಮಿಡಿದರೆ ಅದು ಒಂದು ಗಿಗಾಹರ್ಟ್ಸ್. 1994ರಲ್ಲಿ ಪೆಂಟಿಯಮ್ ಚಿಪ್‌ನ ವೇಗ 100 ಮೆಗಾಹರ್ಟ್ಸ್ ಇತ್ತು. 2000ದ ಕೊನೆಗೆ ಬಂದ ಪೆಂಟಿಯಮ್ 4ರ ವೇಗ 1.5 ಗಿಗಾಹರ್ಟ್ಸ್, 2004ರ ಕೊನೆಗೆ ಅದು 3.8 ಗಿಗಾಹರ್ಟ್ಸ್ ಮುಟ್ಟಿತು. ಹತ್ತು ವರ್ಷಗಳಲ್ಲಿ 38 ಪಟ್ಟು! ಆಮೇಲಿನ ಎರಡು ದಶಕಗಳಲ್ಲಿ ಏನಾಯಿತು? ಅತ್ಯಂತ ವೇಗದ ಮೇಜಿನ ಕಂಪ್ಯೂಟರುಗಳೂ ಈಗ ಸ್ವಲ್ಪ ಹೊತ್ತು ಮಾತ್ರ ಸುಮಾರು 6 ಗಿಗಾಹರ್ಟ್ಸ್ ತಲಪುತ್ತವೆ. ಎರಡು ಪಟ್ಟೂ ಆಗಲಿಲ್ಲ.

ಚಿಪ್‌ನ ಬೆಳವಣಿಗೆಯೇ ನಿಂತುಹೋಯಿತೆಂದು ಇದರ ಅರ್ಥವಲ್ಲ. 2004ರ ಪೆಂಟಿಯಮ್ 4ರಲ್ಲಿ 12.5 ಕೋಟಿ ಟ್ರಾನ್ಸಿಸ್ಟರುಗಳಿದ್ದವು. 2020ರಲ್ಲಿ ಆಪಲ್ ಕಂಪನಿ ಹೊರತಂದ ಎಂ1 ಚಿಪ್‌ನಲ್ಲಿ 1,600 ಕೋಟಿ ಇದ್ದವು. ಟ್ರಾನ್ಸಿಸ್ಟರ್ ಕುಗ್ಗುತ್ತಲೇ ಹೋಯಿತು, ವೇಗ ಮಾತ್ರ ನಿಂತಿತು. ಈ ಒಗಟನ್ನು ಬಿಡಿಸಬೇಕಾದರೆ ಚಿಪ್‌ಗಳು ಎದುರಿಸಿದ ಮಿತಿಗಳ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು. ಮಿತಿಗಳಲ್ಲಿ ಎರಡು ಬಗೆ: ಉಪಾಯದಿಂದ ದಾಟಬಹುದಾದವು, ಉಪಾಯಕ್ಕೆ ಬಗ್ಗದವು. ಇವೆರಡರ ವ್ಯತ್ಯಾಸ ತಿಳಿದರೆ ಇಂದು ಕೇಳಿಬರುತ್ತಿರುವ ಪರ್ಯಾಯಗಳನ್ನು ತೂಗಿ ನೋಡುವುದೂ ಸುಲಭವಾಗುತ್ತದೆ.

ನಲ್ಲಿಯಂಥ ಸಾಧನ

ಇಂದಿನ ಚಿಪ್‌ಗಳಲ್ಲಿರುವ ಟ್ರಾನ್ಸಿಸ್ಟರನ್ನು ಮೊದಲು ತಯಾರಿಸಿದವರು ಅಮೆರಿಕದ ಬೆಲ್ ಪ್ರಯೋಗಾಲಯದ ಮೊಹಮದ್ ಅಟಾಲ್ಲಾ ಮತ್ತು ಡಾನ್ ಕಾಂಗ್, 1959ರಲ್ಲಿ. ಇದನ್ನು ನೀರಿನ ನಲ್ಲಿಗೆ ಹೋಲಿಸಬಹುದು. ಸಿಲಿಕಾನ್‌ನಲ್ಲಿ ಎಲೆಕ್ಟ್ರಾನುಗಳು ಹರಿಯುವ ಒಂದು ಕಾಲುವೆ. ಅದರ ಮೇಲೆ 'ಗೇಟ್' ಎಂಬ ವಿದ್ಯುದಗ್ರ. ಇದೇ ನಲ್ಲಿಯ ಹಿಡಿ. ಗೇಟಿಗೆ ವೋಲ್ಟೇಜ್ ಕೊಟ್ಟರೆ ಕಾಲುವೆ ತೆರೆಯುತ್ತದೆ, ತೆಗೆದರೆ ಮುಚ್ಚುತ್ತದೆ. ತೆರೆದರೆ 1, ಮುಚ್ಚಿದರೆ 0. ಗೇಟು ಮತ್ತು ಕಾಲುವೆ ಒಂದನ್ನೊಂದು ಮುಟ್ಟದಂತೆ ನಡುವೆ ತೆಳುವಾದ ಅವಾಹಕ ಪದರವೊಂದಿರುತ್ತದೆ. ಸಿಲಿಕಾನನ್ನು ಆಮ್ಲಜನಕದಲ್ಲಿ ಕಾಯಿಸಿದರೆ ಅದರ ಮೇಲ್ಮೈಯಲ್ಲಿ ತಾನಾಗಿಯೇ ಬೆಳೆಯುವ ಸಿಲಿಕಾನ್ ಡೈಆಕ್ಸೈಡ್ ಈ ಕೆಲಸಕ್ಕೆ ಹೇಳಿಮಾಡಿಸಿದಂತಿತ್ತು. ಸಿಲಿಕಾನ್ ಇಷ್ಟು ಕಾಲ ಗೆದ್ದುಬಂದದ್ದಕ್ಕೆ ಈ ಪದರವೂ ಒಂದು ಮುಖ್ಯ ಕಾರಣ.

1965ರ ಏಪ್ರಿಲ್‌ನಲ್ಲಿ ಗಾರ್ಡನ್ ಮೂರ್ 'ಎಲೆಕ್ಟ್ರಾನಿಕ್ಸ್' ಪತ್ರಿಕೆಗೆ ಒಂದು ಲೇಖನ ಬರೆದರು. ಒಂದು ಚಿಪ್‌ನಲ್ಲಿ ಅಡಕವಾಗುವ ಘಟಕಗಳ ಸಂಖ್ಯೆ ವರ್ಷಕ್ಕೊಮ್ಮೆ ಇಮ್ಮಡಿಸುತ್ತಿದೆ, ಹೀಗೇ ನಡೆದರೆ 1975ಕ್ಕೆ ಅದು 65,000 ಆಗುತ್ತದೆ ಎಂಬುದು ಅವರ ಊಹೆ. ಮುಂದೆ 1975ರಲ್ಲಿ ಅವರೇ ಈ ಅವಧಿಯನ್ನು ಎರಡು ವರ್ಷಕ್ಕೆ ತಿದ್ದಿದರು. ಇದೇ 'ಮೂರ್ ನಿಯಮ'. ಹೆಸರಿಗೆ ನಿಯಮವಾದರೂ ಇದು ನಿಸರ್ಗದ ನಿಯಮವಲ್ಲ, ಉದ್ಯಮದ ನಡೆಯನ್ನು ಗಮನಿಸಿ ಮಾಡಿದ ಅಂದಾಜು.

ಆ ಲೇಖನದಲ್ಲಿ ಮೂರ್ ಒಂದು ಪ್ರಶ್ನೆಯನ್ನೂ ಎತ್ತಿದ್ದರು. ಇಷ್ಟೊಂದು ಘಟಕಗಳನ್ನು ಒಂದೇ ಚಿಪ್‌ನಲ್ಲಿ ತುರುಕಿದರೆ ಹುಟ್ಟುವ ಉಷ್ಣವನ್ನು ಹೊರಗೆ ಸಾಗಿಸಲು ಸಾಧ್ಯವೇ? ಸಾಧ್ಯ ಎಂಬುದು ಅವರ ಉತ್ತರ. ಅಳತೆ ಕುಗ್ಗಿದಂತೆ ಅಷ್ಟೇ ಜಾಗದಲ್ಲಿ ಅಷ್ಟೇ ವಿದ್ಯುತ್ತಿನಿಂದ ಹೆಚ್ಚು ವೇಗವಾಗಿ ಕೆಲಸ ಮಾಡಿಸಬಹುದು ಎಂದು ಅವರು ಬರೆದರು. ಈ ಪ್ರಶ್ನೆಯನ್ನು ನೆನಪಿನಲ್ಲಿಟ್ಟುಕೊಳ್ಳಿ.

ಡೆನ್ನಾರ್ಡ್ ಲೆಕ್ಕ

ಮೂರ್ ಅವರ ಉತ್ತರಕ್ಕೆ ಗಣಿತದ ಬಲ ಕೊಟ್ಟವರು ಐಬಿಎಂನ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು, 1974ರಲ್ಲಿ. ಅವರ ಲೆಕ್ಕ ಬಹಳ ಸರಳ. ಟ್ರಾನ್ಸಿಸ್ಟರಿನ ಎಲ್ಲ ಅಳತೆಗಳನ್ನೂ ಅರ್ಧ ಮಾಡಿ. ಜೊತೆಗೆ ಅದಕ್ಕೆ ಕೊಡುವ ವೋಲ್ಟೇಜನ್ನೂ ಅರ್ಧ ಮಾಡಿ. ಆಗ ವಿದ್ಯುತ್ಪ್ರವಾಹ ಅರ್ಧವಾಗುತ್ತದೆ. ವಿದ್ಯುತ್ ಸಾಮರ್ಥ್ಯ ಎಂದರೆ ವೋಲ್ಟೇಜ್ ಮತ್ತು ಪ್ರವಾಹದ ಗುಣಲಬ್ಧವಲ್ಲವೆ? ಅದು ಕಾಲುಭಾಗವಾಗುತ್ತದೆ. ಟ್ರಾನ್ಸಿಸ್ಟರಿನ ವಿಸ್ತೀರ್ಣವೂ ಕಾಲುಭಾಗ. ಅಂದರೆ ಮೊದಲು ಒಂದು ಇದ್ದ ಜಾಗದಲ್ಲಿ ಈಗ ನಾಲ್ಕು ಟ್ರಾನ್ಸಿಸ್ಟರುಗಳಿದ್ದರೂ ಆ ಜಾಗದಿಂದ ಹೊಮ್ಮುವ ಶಾಖ ಅಷ್ಟೇ. ಕಾಲುವೆ ಗಿಡ್ಡವಾದುದರಿಂದ ತೆರೆದು ಮುಚ್ಚುವ ವೇಗ ಮಾತ್ರ ಎರಡು ಪಟ್ಟು.

ಒಂದು ಮನೆಯಿದ್ದ ನಿವೇಶನದಲ್ಲಿ ನಾಲ್ಕು ಮನೆ ಕಟ್ಟಿ, ನಾಲ್ಕರಲ್ಲೂ ಕೆಲಸ ಎರಡು ಪಟ್ಟು ಚುರುಕಾಗಿ ನಡೆದು, ಕರೆಂಟ್ ಬಿಲ್ ಮಾತ್ರ ಹಳೆಯದೇ ಬಂದಂತೆ ಇದು! ಗಿಗಾಹರ್ಟ್ಸ್ ಓಟದ ಗುಟ್ಟು ಇಲ್ಲಿದೆ. 1971ರಲ್ಲಿ ಬಂದ ಇಂಟೆಲ್ 4004 ಚಿಪ್‌ನಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದವು, ಅದರ ಗೆರೆಗಳ ಅಗಲ 10 ಮೈಕ್ರೊಮೀಟರ್. ಅಲ್ಲಿಂದ ಮುಂದೆ ಮೂರು ದಶಕ ಉದ್ಯಮ ಈ ಲೆಕ್ಕವನ್ನೇ ನಂಬಿ ನಡೆಯಿತು.

ದಾಟಿದ ಗೋಡೆಗಳು

ಕುಗ್ಗುವಿಕೆ ಇಲ್ಲಿಗೆ ಮುಗಿಯಿತು ಎಂಬ ಮಾತು ಈ ದಾರಿಯಲ್ಲಿ ಹಲವು ಸಲ ಕೇಳಿಬಂತು. 1972ರಲ್ಲಿ ಬ್ರೂಸ್ ಹೋನೈಸನ್ ಮತ್ತು ಕಾರ್ವರ್ ಮೀಡ್ ಎಂಬ ವಿಜ್ಞಾನಿಗಳು ಭೌತಶಾಸ್ತ್ರದ ತತ್ತ್ವಗಳನ್ನು ಹಿಡಿದು ಲೆಕ್ಕ ಹಾಕಿ, ಕಾಲುವೆಯ ಉದ್ದ ಸುಮಾರು ಕಾಲು ಮೈಕ್ರೊಮೀಟರ್‌ಗಿಂತ ಕಡಿಮೆಯಾಗದು ಎಂದು ತೋರಿಸಿದರು. ಆಗಿನ ಚಿಪ್‌ಗಳಿಗೆ ಹೋಲಿಸಿದರೆ ಇದೇ ಧೈರ್ಯದ ಮಾತು. ಆದರೆ 1990ರ ದಶಕದ ಕೊನೆಯ ಹೊತ್ತಿಗೆ ಆ ಗಡಿಯನ್ನು ದಾಟಿಯಾಗಿತ್ತು. ಅವರ ಭೌತಶಾಸ್ತ್ರ ತಪ್ಪಾಗಿರಲಿಲ್ಲ. ಅವಾಹಕವನ್ನು ಅವರು ಎಣಿಸಿದ್ದಕ್ಕಿಂತ ತೆಳುವಾಗಿಸಿ, ವೋಲ್ಟೇಜನ್ನು ಇಳಿಸಿ, ಸಿಲಿಕಾನ್‌ಗೆ ಬೆರೆಸುವ ಕಲ್ಮಶಗಳನ್ನು ಹೊಸ ರೀತಿಯಲ್ಲಿ ಹಂಚಿ ಎಂಜಿನಿಯರುಗಳು ಲೆಕ್ಕದ ಆಧಾರಗಳನ್ನೇ ಬದಲಿಸಿದ್ದರು.

ಎರಡನೆಯ ಗೋಡೆ ಬೆಳಕಿನದು. ಚಿಪ್‌ನ ವಿನ್ಯಾಸವನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕಿನಿಂದ ಅಚ್ಚೊತ್ತುತ್ತಾರೆ. ದಪ್ಪ ಕುಂಚದಿಂದ ಸಣ್ಣ ಗೆರೆ ಎಳೆಯುವುದು ಹೇಗೆ ಕಷ್ಟವೋ ಹಾಗೆಯೇ ಬೆಳಕಿನ ತರಂಗದೂರಕ್ಕಿಂತ ಬಹಳ ಸಣ್ಣ ಗೆರೆ ಮೂಡಿಸುವುದೂ ಕಷ್ಟ. ಅದಕ್ಕಾಗಿ 436 ನ್ಯಾನೊಮೀಟರ್‌ನ ನೀಲಿ ಬೆಳಕಿನಿಂದ ಹೊರಟ ಉದ್ಯಮ 365, 248 ಎಂದು ಇಳಿಯುತ್ತ 193 ನ್ಯಾನೊಮೀಟರ್‌ನ ಅತಿನೇರಳೆ ಬೆಳಕಿಗೆ ಬಂತು. ಅಲ್ಲಿ ನಿಂತಾಗ ಹೊಳೆದ ಉಪಾಯವೆಂದರೆ ಮಸೂರ ಮತ್ತು ಬಿಲ್ಲೆಯ ನಡುವೆ ಶುದ್ಧ ನೀರಿನ ಪದರ ಇಡುವುದು! ನೀರಿನಲ್ಲಿ ಆ ಬೆಳಕಿನ ತರಂಗದೂರ ಸುಮಾರು 134 ನ್ಯಾನೊಮೀಟರ್‌ಗೆ ಇಳಿಯುತ್ತದೆ. ಅದೂ ಸಾಲದಾದಾಗ ಬಂದದ್ದು 13.5 ನ್ಯಾನೊಮೀಟರ್‌ನ ಅತಿನೇರಳೆ ಕಿರಣ. ಇದನ್ನು ಗಾಳಿಯೂ ಗಾಜೂ ಹೀರಿಬಿಡುತ್ತವೆ. ಆದ್ದರಿಂದ ಎಲ್ಲವೂ ನಿರ್ವಾತದಲ್ಲಿ ನಡೆಯಬೇಕು, ಮಸೂರದ ಬದಲು ದರ್ಪಣ ಬಳಸಬೇಕು. ಕರಗಿದ ತವರದ ಹನಿಗಳನ್ನು ಸೆಕೆಂಡಿಗೆ 50,000ದಂತೆ ಬೀಳಿಸಿ, ಪ್ರತಿ ಹನಿಗೂ ಲೇಸರ್ ಹೊಡೆದು ಈ ಕಿರಣವನ್ನು ಪಡೆಯುತ್ತಾರೆ. 1980ರ ದಶಕದಲ್ಲಿ ಆರಂಭವಾದ ಪ್ರಯತ್ನ ಕಾರ್ಖಾನೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಫಲ ಕೊಟ್ಟದ್ದು 2019ರಲ್ಲಿ.

ಮೂರನೆಯದು ಅವಾಹಕ ಪದರದ ಗೋಡೆ. 2003ರ ಹೊತ್ತಿಗೆ ಆ ಪದರದ ದಪ್ಪ 1.2 ನ್ಯಾನೊಮೀಟರ್‌ಗೆ ಬಂದಿತ್ತು. ಎಂದರೆ ಸುಮಾರು ಐದು ಪರಮಾಣುಗಳ ಸಾಲು! ಇಷ್ಟು ತೆಳುವಾದ ಗೋಡೆಯನ್ನು ಎಲೆಕ್ಟ್ರಾನುಗಳು ಹತ್ತಿ ದಾಟಬೇಕಾಗಿಲ್ಲ. ಕ್ವಾಂಟಮ್ ನಿಯಮಗಳ ಪ್ರಕಾರ ಅವು ಗೋಡೆಯ ಆಚೆಗೇ ಕಾಣಿಸಿಕೊಳ್ಳಬಲ್ಲವು. ಇದಕ್ಕೆ ಸುರಂಗ ಪರಿಣಾಮವೆಂದು ಹೆಸರು. ಪದರ 0.2 ನ್ಯಾನೊಮೀಟರ್‌ನಷ್ಟು ತೆಳುವಾದರೆ ಸೋರಿಕೆ ಸುಮಾರು ಹತ್ತು ಪಟ್ಟಾಗುತ್ತದೆ. ಪರಮಾಣುವನ್ನು ಅರ್ಧ ಮಾಡಲಾಗದು, ಆದ್ದರಿಂದ ವಸ್ತುವನ್ನೇ ಬದಲಿಸಬೇಕಾಯಿತು. ಹ್ಯಾಫ್ನಿಯಮ್ ಧಾತುವಿನ ಆಕ್ಸೈಡ್ ದಪ್ಪವಾಗಿದ್ದರೂ ತೆಳು ಪದರದಷ್ಟೇ ಪರಿಣಾಮ ಬೀರುತ್ತದೆ. 2007ರಲ್ಲಿ ಇಂಟೆಲ್ ಇದನ್ನು ಬಳಕೆಗೆ ತಂದಾಗ, 1960ರ ದಶಕದ ಅನಂತರ ಟ್ರಾನ್ಸಿಸ್ಟರಿನಲ್ಲಾದ ಅತಿ ದೊಡ್ಡ ಬದಲಾವಣೆ ಇದೆಂದು ಮೂರ್ ಅವರೇ ಹೇಳಿದರು.

ನಾಲ್ಕನೆಯದು ಆಕಾರದ್ದು. ಕಾಲುವೆ ತೀರಾ ಗಿಡ್ಡವಾದಾಗ ಮೇಲಿನಿಂದ ಒತ್ತುವ ಒಂದೇ ಗೇಟು ಅದನ್ನು ಪೂರ್ತಿ ಮುಚ್ಚಲಾರದು. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಚೆನ್ಮಿಂಗ್ ಹು ಅವರ ತಂಡ 1990ರ ದಶಕದ ಕೊನೆಯಲ್ಲಿ ಕಾಲುವೆಯನ್ನು ಮೀನಿನ ಈಜುರೆಕ್ಕೆಯಂತೆ ಮೇಲಕ್ಕೆ ನಿಲ್ಲಿಸಿ, ಗೇಟು ಅದನ್ನು ಮೂರು ಕಡೆಯಿಂದ ಅಪ್ಪಿಕೊಳ್ಳುವ ರಚನೆಯನ್ನು ರೂಪಿಸಿತು. 2012ರಿಂದ ಇಂಥ ಚಿಪ್‌ಗಳು ಮಾರುಕಟ್ಟೆಗೆ ಬಂದವು. 2022ರಲ್ಲಿ ಸ್ಯಾಮ್ಸಂಗ್ ನಾಲ್ಕೂ ಕಡೆಯಿಂದ ಗೇಟು ಸುತ್ತುವ ಟ್ರಾನ್ಸಿಸ್ಟರುಗಳ ಉತ್ಪಾದನೆ ಆರಂಭಿಸಿತು.

ಇಲ್ಲೊಂದು ಎಚ್ಚರಿಕೆ. ಜಾಹೀರಾತುಗಳಲ್ಲಿ ನೀವು ಕಾಣುವ '3 ನ್ಯಾನೊಮೀಟರ್' ಎಂಬುದು ಟ್ರಾನ್ಸಿಸ್ಟರಿನ ಯಾವ ಭಾಗದ ಅಳತೆಯೂ ಅಲ್ಲ. ಅದು ತಲೆಮಾರಿನ ಹೆಸರು ಮಾತ್ರ. ಅಂಥ ಚಿಪ್‌ಗಳಲ್ಲಿ ಒಂದು ಗೇಟಿನಿಂದ ಪಕ್ಕದ ಗೇಟಿಗೆ ಇರುವ ಅಂತರ ಸುಮಾರು 45ರಿಂದ 50 ನ್ಯಾನೊಮೀಟರ್.

ಬಗ್ಗದ ಗೋಡೆ

ಇಷ್ಟೆಲ್ಲ ಗೋಡೆಗಳನ್ನು ದಾಟಿದ ಮೇಲೂ ವೇಗ ನಿಂತದ್ದೇಕೆ? ಡೆನ್ನಾರ್ಡ್ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಅಳತೆಯ ಜೊತೆ ವೋಲ್ಟೇಜೂ ಇಳಿಯಬೇಕು ಎಂಬುದು ಅದರ ಷರತ್ತು. ಅಳತೆ ಇಳಿಯಿತು, ವೋಲ್ಟೇಜ್ ಇಳಿಯಲಿಲ್ಲ.

ಕಾರಣ ಉಷ್ಣದಲ್ಲಿದೆ. ಯಾವುದೇ ವಸ್ತುವಿನಲ್ಲಿ ಎಲೆಕ್ಟ್ರಾನುಗಳೆಲ್ಲಕ್ಕೂ ಒಂದೇ ಶಕ್ತಿ ಇರುವುದಿಲ್ಲ. ಜಾತ್ರೆಯ ಜನರಲ್ಲಿ ಕೆಲವರು ಬೇಲಿ ಹಾರಬಲ್ಲವರಿರುವಂತೆ, ಕೆಲವು ಎಲೆಕ್ಟ್ರಾನುಗಳು ಮುಚ್ಚಿದ ಗೇಟನ್ನೂ ಹಾರಿ ಹೋಗುತ್ತವೆ. ಹೀಗೆ ಹಾರುವವುಗಳ ಸಂಖ್ಯೆಯನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಬೇಕಾದರೆ ಗೇಟಿನ ವೋಲ್ಟೇಜನ್ನು ಕೊಠಡಿಯ ತಾಪದಲ್ಲಿ ಕನಿಷ್ಠ 60 ಮಿಲಿವೋಲ್ಟ್ ಬದಲಿಸಬೇಕು. ಒಂದು ಲಕ್ಷದಲ್ಲಿ ಒಂದು ಭಾಗಕ್ಕೆ ಇಳಿಸಲು 300 ಮಿಲಿವೋಲ್ಟ್ ಬೇಕು. ಟ್ರಾನ್ಸಿಸ್ಟರ್ ದೊಡ್ಡದಿರಲಿ ಸಣ್ಣದಿರಲಿ, ಈ 60 ಬದಲಾಗದು. ಅದು ತಾಪವನ್ನು ಮಾತ್ರ ಅವಲಂಬಿಸಿದೆ. ಈ ಅಂಶ ತಮ್ಮ ಲೆಕ್ಕಕ್ಕೆ ಬಗ್ಗುವುದಿಲ್ಲ ಎಂದು ಡೆನ್ನಾರ್ಡ್ ತಂಡ 1974ರಲ್ಲೇ ಗುರುತಿಸಿತ್ತು. 5 ವೋಲ್ಟ್ ಬಳಸುತ್ತಿದ್ದ ಕಾಲದಲ್ಲಿ ಅದು ಯಾರನ್ನೂ ಕಾಡಲಿಲ್ಲ. 2004ರ ಸುಮಾರಿಗೆ ವೋಲ್ಟೇಜ್ 1.2ರ ಆಸುಪಾಸಿಗೆ ಬಂದಾಗ ಕಾಡಿತು. ಇನ್ನೂ ಇಳಿಸಿದರೆ ಕೋಟಿಗಟ್ಟಲೆ ನಲ್ಲಿಗಳು ಮುಚ್ಚಿದ್ದರೂ ಸೋರುತ್ತವೆ. ಇಳಿಸದಿದ್ದರೆ ಒತ್ತೊತ್ತಾಗಿ ಕೂತ ಟ್ರಾನ್ಸಿಸ್ಟರುಗಳಿಂದ ಶಾಖ ಏರುತ್ತದೆ. ಅನಂತರದ ಇಪ್ಪತ್ತು ವರ್ಷಗಳಲ್ಲಿ ವೋಲ್ಟೇಜ್ ಇಳಿದದ್ದು 0.7ರ ಸುಮಾರಿಗೆ ಮಾತ್ರ.

ಅಪಾಯದ ಗಂಟೆ ಮೊದಲೇ ಕೇಳಿಸಿತ್ತು. 2001ರಲ್ಲಿ ಇಂಟೆಲ್‌ನ ಪ್ಯಾಟ್ ಗೆಲ್ಸಿಂಗರ್ ಒಂದು ಸಮ್ಮೇಳನದಲ್ಲಿ, ಹೀಗೇ ಮುಂದುವರಿದರೆ ಚಿಪ್‌ನ ಪ್ರತಿ ಚದರ ಸೆಂಟಿಮೀಟರಿನಿಂದ ಹೊಮ್ಮುವ ಶಾಖ ಪರಮಾಣು ಸ್ಥಾವರದ ಮಟ್ಟಕ್ಕೂ ಆಮೇಲೆ ರಾಕೆಟ್ ನಳಿಕೆಯ ಮಟ್ಟಕ್ಕೂ ಏರುತ್ತದೆಂದು ಎಚ್ಚರಿಸಿದ್ದರು. 2004ರ ಮೇ ತಿಂಗಳಲ್ಲಿ ಇಂಟೆಲ್ ತನ್ನ ಮುಂದಿನ ಅತಿವೇಗದ ಚಿಪ್ ಯೋಜನೆಯನ್ನು ಕೈಬಿಟ್ಟಿತು. ಅಕ್ಟೋಬರಿನಲ್ಲಿ 4 ಗಿಗಾಹರ್ಟ್ಸ್ ಪೆಂಟಿಯಮ್ 4 ಬರುವುದಿಲ್ಲವೆಂದು ಸಾರಿತು. 2005ರಲ್ಲಿ ಬಂದದ್ದು ಒಂದೇ ಚಿಪ್‌ನಲ್ಲಿ ಎರಡು ಮೆದುಳುಗಳಿದ್ದ, ಆದರೆ ಹೆಚ್ಚು ವೇಗವಿಲ್ಲದ ಪ್ರೊಸೆಸರ್. ಅಂದಿನಿಂದ ನಾವು ಕೊಳ್ಳುವ ಯಂತ್ರಗಳಲ್ಲಿ 'ಕೋರ್'ಗಳ ಎಣಿಕೆ ಶುರುವಾಯಿತು.

ಇದರ ಬೆಲೆ ತೆತ್ತವರು ತಂತ್ರಾಂಶ ಬರೆಯುವವರು. ಮೊದಲಾದರೆ ಹಳೆಯ ಪ್ರೋಗ್ರಾಮ್ ಹೊಸ ಚಿಪ್‌ನಲ್ಲಿ ತಾನಾಗಿಯೇ ವೇಗವಾಗಿ ಓಡುತ್ತಿತ್ತು. ಈಗ ಕೆಲಸವನ್ನು ಹಲವು ಕೋರ್‌ಗಳಿಗೆ ಹಂಚಬೇಕು, ಎಲ್ಲ ಕೆಲಸವೂ ಹಂಚಲು ಬರುವುದಿಲ್ಲ. ಹತ್ತು ಜನ ಸೇರಿ ಬಾವಿ ತೋಡಲು ಹೊರಟರೂ ತಳದಲ್ಲಿ ಅಗೆಯಲು ಜಾಗವಿರುವುದು ಒಬ್ಬಿಬ್ಬರಿಗೆ ತಾನೆ?

ಪರ್ಯಾಯಗಳಿಗೆ ಒಂದು ಪ್ರಶ್ನೆ

ಸಿಲಿಕಾನನ್ನು ಬದಲಿಸುವ ಪ್ರಯತ್ನಗಳಿಗೂ ಒಂದು ಚರಿತ್ರೆಯಿದೆ. ಅತಿವಾಹಕಗಳಿಂದ ಕಂಪ್ಯೂಟರ್ ಮಾಡುವ ದೊಡ್ಡ ಯೋಜನೆಯನ್ನು ಐಬಿಎಂ 1983ರಲ್ಲಿ ಮುಚ್ಚಿತು. ಗ್ಯಾಲಿಯಮ್ ಆರ್ಸೆನೈಡ್ ಚಿಪ್‌ಗಳಿಂದ ಕ್ರೇ-3 ಎಂಬ ಸೂಪರ್ ಕಂಪ್ಯೂಟರ್ ಕಟ್ಟಿದ ಸೆಮೊರ್ ಕ್ರೇ ಅವರ ಕಂಪನಿ 1995ರಲ್ಲಿ ದಿವಾಳಿಯಾಯಿತು. ಆ ವಸ್ತುಗಳು ವೇಗದಲ್ಲಿ ಸಿಲಿಕಾನನ್ನು ಮೀರಿಸುವಂಥವೇ. ಆದರೆ ಅವು ಸಿದ್ಧವಾಗುವ ಹೊತ್ತಿಗೆ ಡೆನ್ನಾರ್ಡ್ ಲೆಕ್ಕದ ಬಲದಿಂದ ಸಿಲಿಕಾನ್ ಇನ್ನಷ್ಟು ಮುಂದೆ ಹೋಗಿರುತ್ತಿತ್ತು. ಈಗ ಆ ಬಲವಿಲ್ಲ. ಆದ್ದರಿಂದ ಪರ್ಯಾಯಗಳಿಗೆ ಹಿಂದೆಂದಿಗಿಂತ ಒಳ್ಳೆಯ ಅವಕಾಶವಿದೆ. ಅವನ್ನು ಪರೀಕ್ಷಿಸಲು ಒಂದು ಪ್ರಶ್ನೆ ಸಾಕು: ಇದು ಗಾತ್ರವನ್ನು ಮಾತ್ರ ಕುಗ್ಗಿಸುತ್ತದೆಯೇ, ಅಥವಾ ಒಂದು ಲೆಕ್ಕಕ್ಕೆ ಖರ್ಚಾಗುವ ಶಕ್ತಿಯನ್ನೂ ಕುಗ್ಗಿಸುತ್ತದೆಯೇ?

ಇಂಗಾಲದ ನ್ಯಾನೊ ನಳಿಕೆಗಳನ್ನು ತೆಗೆದುಕೊಳ್ಳಿ. 2013ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 178 ನಳಿಕೆ ಟ್ರಾನ್ಸಿಸ್ಟರುಗಳ ಪುಟ್ಟ ಕಂಪ್ಯೂಟರ್ ತಯಾರಾಯಿತು. 2019ರಲ್ಲಿ ಎಂಐಟಿಯ ತಂಡ 14,000ಕ್ಕೂ ಹೆಚ್ಚು ನಳಿಕೆ ಟ್ರಾನ್ಸಿಸ್ಟರುಗಳ ಪ್ರೊಸೆಸರ್ ಮಾಡಿತು. ಮಾಲಿಬ್ಡಿನಮ್ ಡೈಸಲ್ಫೈಡ್ ಎಂಬ ವಸ್ತುವಿನ ಹಾಳೆಯ ದಪ್ಪ ಮೂರೇ ಪರಮಾಣು; 2025ರಲ್ಲಿ ಚೀನಾದ ಫುದಾನ್ ವಿಶ್ವವಿದ್ಯಾಲಯದವರು ಅದರ 5,900 ಟ್ರಾನ್ಸಿಸ್ಟರುಗಳಿಂದ 32 ಬಿಟ್‌ಗಳ ಪ್ರೊಸೆಸರನ್ನು ತೋರಿಸಿದರು. ಕಾಲುವೆ ಇಷ್ಟು ತೆಳುವಾಗಿರುವುದರಿಂದ ಗೇಟು ಅದನ್ನು ಚೆನ್ನಾಗಿ ಮುಚ್ಚಬಲ್ಲದು. ಆದರೂ ಇವೆಲ್ಲ ಅದೇ ನಲ್ಲಿಯ ಮಾದರಿಯವು. 60 ಮಿಲಿವೋಲ್ಟ್ ನಿಯಮ ಇವುಗಳಿಗೂ ಅನ್ವಯಿಸುತ್ತದೆ.

ಆ ನಿಯಮವನ್ನೇ ತಪ್ಪಿಸುವ ಪ್ರಯತ್ನಗಳೂ ಇವೆ. ಒಂದರಲ್ಲಿ ಶತ್ರುವಾಗಿದ್ದ ಸುರಂಗ ಪರಿಣಾಮವನ್ನೇ ಸ್ವಿಚ್ಚಾಗಿ ಬಳಸುತ್ತಾರೆ. ಇನ್ನೊಂದನ್ನು 2008ರಲ್ಲಿ ಸೈಯೀಫ್ ಸಲಾಹುದ್ದೀನ್ ಮತ್ತು ಸುಪ್ರಿಯೊ ದತ್ತ ಸೂಚಿಸಿದರು. ಅದರಲ್ಲಿ ಗೇಟಿನ ಪದರವಾಗಿ ವಿಶೇಷ ವಸ್ತುವನ್ನು ಇಟ್ಟು, ಕೊಟ್ಟ ವೋಲ್ಟೇಜು ಒಳಗೆ ಹೆಚ್ಚಾಗಿ ಕಾಣುವಂತೆ ಮಾಡುವ ಆಲೋಚನೆ. ಎರಡೂ ಇನ್ನೂ ಕಾರ್ಖಾನೆಯ ಸಿಲಿಕಾನ್‌ಗೆ ಬದಲಿಯಾಗಿಲ್ಲ.

ಮತ್ತೊಂದು ದಾರಿ, ಟ್ರಾನ್ಸಿಸ್ಟರನ್ನು ಬಿಟ್ಟು ಕಂಪ್ಯೂಟರಿನ ವ್ಯವಸ್ಥೆಯನ್ನೇ ತಿದ್ದುವುದು. ಇಂದಿನ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವುದಕ್ಕಿಂತ ಸ್ಮೃತಿಕೋಶದಿಂದ ಅಂಕಿಗಳನ್ನು ತಂದು ಒಯ್ಯುವುದಕ್ಕೇ ಹೆಚ್ಚು ಶಕ್ತಿ ಬೇಕು. ಸುಮಾರು 20 ವ್ಯಾಟ್‌ಗಳಲ್ಲಿ ನಡೆಯುವ ನಮ್ಮ ಮೆದುಳಿನಲ್ಲಿ ನೆನಪು ಮತ್ತು ಲೆಕ್ಕ ಬೇರೆಬೇರೆ ಕಡೆ ಇಲ್ಲ. ಆ ಮಾದರಿಯಲ್ಲಿ, ನೆನಪಿಡುವ ಜಾಗದಲ್ಲೇ ಲೆಕ್ಕ ಮಾಡುವ ಸಾಧನಗಳ ಸಂಶೋಧನೆ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ 2024ರಲ್ಲಿ ಪ್ರಕಟಿಸಿದ ಕೆಲಸ ಈ ಬಗೆಯದು. ಅವರ ಅಣು ಪದರದ ಸಾಧನ 0 ಮತ್ತು 1 ಎಂಬ ಎರಡರ ಬದಲು 16,500 ಸ್ಥಿತಿಗಳಲ್ಲಿ ಮಾಹಿತಿಯನ್ನು ಹಿಡಿದಿಡಬಲ್ಲದು.

ಕ್ವಾಂಟಮ್ ಕಂಪ್ಯೂಟರಿನ ಮಾತೇನು? ಅದು ನಿಮ್ಮ ಮೇಜಿನ ಯಂತ್ರಕ್ಕೆ ಬದಲಿಯಲ್ಲ. ದೊಡ್ಡ ಸಂಖ್ಯೆಗಳ ಅಪವರ್ತನಗಳನ್ನು ಅದು ಬೇಗ ಹುಡುಕಬಲ್ಲದೆಂದು ಪೀಟರ್ ಶೋರ್ 1994ರಲ್ಲಿ ತೋರಿಸಿದರು. ಇಂಥ ಕೆಲವು ಬಗೆಯ ಸಮಸ್ಯೆಗಳಿಗೆ ಅದು ಸಲ್ಲುತ್ತದೆ. ಪತ್ರ ಬರೆಯಲು, ಚಿತ್ರ ತೋರಿಸಲು ಅದರಿಂದ ಲಾಭವಿಲ್ಲ.

ಹಾಗಾದರೆ ಕಟ್ಟಕಡೆಯ ಮಿತಿ ಎಲ್ಲಿದೆ? ಒಂದು ಬಿಟ್ ಮಾಹಿತಿಯನ್ನು ಅಳಿಸಲು ಕನಿಷ್ಠ ಇಷ್ಟು ಶಕ್ತಿ ಉಷ್ಣವಾಗಿ ಹೋಗಲೇಬೇಕು ಎಂದು ಐಬಿಎಂನ ರಾಲ್ಫ್ ಲ್ಯಾಂಡಾವರ್ 1961ರಲ್ಲಿ ತೋರಿಸಿದರು. 2012ರಲ್ಲಿ ಇದು ಪ್ರಯೋಗದಿಂದಲೂ ಸಿದ್ಧವಾಯಿತು. ಇಂದಿನ ಟ್ರಾನ್ಸಿಸ್ಟರುಗಳು ಆ ಕನಿಷ್ಠಕ್ಕಿಂತ ಸಾವಿರಾರು ಪಟ್ಟು ಹೆಚ್ಚು ಶಕ್ತಿ ಬಳಸುತ್ತವೆ. ಗಾತ್ರದಲ್ಲಿ ನಾವು ಪರಮಾಣುವಿನ ಹತ್ತಿರ ಬಂದಿದ್ದೇವೆ, ಶಕ್ತಿಯಲ್ಲಿ ಇನ್ನೂ ಬಹಳ ದೂರ ಹೋಗಲು ಅವಕಾಶವಿದೆ.

ಈ ದೂರವನ್ನು ಕ್ರಮಿಸುವುದು ವಿಜ್ಞಾನಿಗಳ ಕುತೂಹಲಕ್ಕಷ್ಟೇ ಬಿಟ್ಟ ವಿಷಯವಲ್ಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನ ಪ್ರಕಾರ 2024ರಲ್ಲಿ ಪ್ರಪಂಚದ ದತ್ತಾಂಶ ಕೇಂದ್ರಗಳು ಸುಮಾರು 415 ಟೆರಾವ್ಯಾಟ್-ಗಂಟೆ ವಿದ್ಯುತ್ ಬಳಸಿದವು. ಇದು ಇಡೀ ಪ್ರಪಂಚದ ಬಳಕೆಯ ಶೇಕಡ 1.5ರಷ್ಟು. ಡೆನ್ನಾರ್ಡ್ ಲೆಕ್ಕ ನಡೆಯುತ್ತಿದ್ದರೆ ಚಿಪ್ ಕುಗ್ಗಿದಷ್ಟೂ ಈ ಬಿಲ್ ತಾನಾಗಿಯೇ ಹಿಡಿತದಲ್ಲಿರುತ್ತಿತ್ತು. ಈಗ ಪ್ರತಿ ಯೂನಿಟ್ಟನ್ನೂ ಯಾರಾದರೂ ದುಡಿದು ಉಳಿಸಬೇಕು.

ಮುಂದಿನ ಬಾರಿ ಹೊಸ ಚಿಪ್ ಒಂದರ ಸುದ್ದಿ ಓದುವಾಗ ಅದರ ನ್ಯಾನೊಮೀಟರ್ ಎಷ್ಟೆಂದು ನೋಡಿ ಸುಮ್ಮನಾಗಬೇಡಿ. ಅದೇ ಕೆಲಸಕ್ಕೆ ಅದು ಎಷ್ಟು ವಿದ್ಯುತ್ ಬಳಸುತ್ತದೆ ಎಂಬುದನ್ನೂ ಹುಡುಕಿ. 1965ರಲ್ಲಿ ಮೂರ್ ಕೇಳಿ, ಉತ್ತರ ಕೊಟ್ಟು, ಪಕ್ಕಕ್ಕಿಟ್ಟ ಆ ಉಷ್ಣದ ಪ್ರಶ್ನೆ ನಲವತ್ತು ವರ್ಷ ಸುಮ್ಮನಿತ್ತು. ಈಗ ಅದಕ್ಕೆ ಹೊಸ ಉತ್ತರ ಬೇಕಾಗಿದೆ.